ಸಾವಿತ್ರಿಬಾಯಿಯ ಕೈ ಮತ್ತು ಗಿರಣಿಯ ವೇಗ

ಗಿರಣಿಯ ದನಿ ಒಮ್ಮೆ ಕುಗ್ಗಿತು. ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿದ್ದ ಕಲ್ಲು, ಯಾರೋ ಹೆಗಲ ಮೇಲೆ ಮೂಟೆ ಇಟ್ಟಂತೆ ದಪ್ಪ ದನಿಗೆ ಇಳಿಯಿತು. ತುಸು ಹೊತ್ತು ನರಳಿ, ತಾನಾಗಿಯೇ ಮೆಲ್ಲಗೆ ಮೇಲೆದ್ದು ಮೊದಲಿನ ಶ್ರುತಿಗೆ ಬಂದು ನಿಂತಿತು. ಯಾರದೋ ಜೋಳಕ್ಕೆ ತೇವ ತಗುಲಿತ್ತು, ಅಷ್ಟೆ.

ಬಾಗಿಲ ಬಳಿಯ ಕಬ್ಬಿಣದ ಕುರ್ಚಿಯಿಂದ ಅರ್ಧ ಎದ್ದಿದ್ದ ಸಾವಿತ್ರಿಬಾಯಿ ಮತ್ತೆ ಕುಳಿತರು. ಹಿಂದೆಲ್ಲ ಆ ದನಿ ಕುಗ್ಗಿದರೆ ಓಡಬೇಕಿತ್ತು. ಮೇಲಿನ ತಗಡಿನ ಬಾಯಿಂದ ಬೀಳುವ ಕಾಳನ್ನು ತಡೆಯಬೇಕು, ಕಲ್ಲುಗಳ ನಡುವಿನ ಸಂದನ್ನು ಸಡಿಲಿಸುವ ಚಕ್ರ ತಿರುಗಿಸಬೇಕು, ಮೋಟಾರಿನ ಪಟ್ಟಾ ಜಾರದಂತೆ ಕಣ್ಣಿಡಬೇಕು. ಈಗ ಗೋಡೆಯ ಮೇಲಿನ ಬೂದು ಪೆಟ್ಟಿಗೆ ಅದನ್ನೆಲ್ಲ ನೋಡಿಕೊಳ್ಳುತ್ತದೆ. ಅವರಿಗೆ ಅದು ಗೊತ್ತು. ಅವರ ಕಾಲುಗಳಿಗೆ ಇನ್ನೂ ಗೊತ್ತಾಗಿಲ್ಲ.

ಹೈದರಾಬಾದಿನ ನಾರಾಯಣಗೂಡದ ಆ ಓಣಿಯಲ್ಲಿ ಎಡಕ್ಕೂ ಬಲಕ್ಕೂ ಕೋಚಿಂಗ್ ಸೆಂಟರುಗಳು. ಬೆನ್ನಿಗೆ ಚೀಲ ಹೊತ್ತ ಹುಡುಗಿಯರು ಗಿರಣಿಯ ಮುಂದೆ ಬಂದಾಗ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ದಾಟುತ್ತಾರೆ. ಆದರೆ ಕೇಂದ್ರ ಸರ್ಕಾರದ ಕಾರ್ಖಾನೆಗಳಲ್ಲಿ ನೌಕರಿಗೆಂದು ವಿಜಯಪುರ, ಬಾಗಲಕೋಟೆಗಳಿಂದ ಬಂದು ಇಲ್ಲೇ ಬೇರುಬಿಟ್ಟ ಮನೆಗಳ ಹೆಂಗಸರು ಎಷ್ಟೇ ದೂರವಿದ್ದರೂ ಡಬ್ಬಿ ಹೊತ್ತು ಇಲ್ಲಿಗೇ ಬರುತ್ತಾರೆ. ಅಕ್ಕಿ, ಗೋಧಿ ಎಲ್ಲಿ ಬೀಸಿದರೂ ನಡೆದೀತು. ಜೋಳದ ಮಾತು ಬೇರೆ. ಕಲ್ಲು ಅವಸರ ಮಾಡಿದರೆ ಹಿಟ್ಟು ಸುಡುತ್ತದೆ. ಸುಟ್ಟ ಹಿಟ್ಟಿನ ಜಿಗಿ, ಅದರ ಅಂಟು, ಹೋಗುತ್ತದೆ. ಜಿಗಿ ಹೋದ ಹಿಟ್ಟಿನ ರೊಟ್ಟಿ ತಟ್ಟುವಾಗಲೇ ಅಂಚು ಬಿಟ್ಟುಕೊಳ್ಳುತ್ತದೆ.

ಅದಕ್ಕೇ ಸಾವಿತ್ರಿಬಾಯಿಗೆ ಒಂದು ರೂಢಿ. ಹಿಟ್ಟು ಇಳಿಯುವ ಬಟ್ಟೆಯ ತೋಳಿನ ಕೆಳಗೆ ಬಲಗೈ ಒಡ್ಡುತ್ತಾರೆ. ಹಿಟ್ಟು ತಣ್ಣಗಿದ್ದರೆ ಕಲ್ಲನ್ನು ಇನ್ನಷ್ಟು ಓಡಿಸುತ್ತಾರೆ, ಬಿಸಿಯಾದರೆ ತಡೆಯುತ್ತಾರೆ. ಕೊನೆಗೆ ಒಂದು ಚಿಟಿಕೆ ಹಿಟ್ಟನ್ನು ಕಾಳು ತಂದವಳ ಅಂಗೈಗೆ ಹಾಕಿ "ತಣ್ಣಗೈತಿ, ಒಯ್ಯಿ" ಎನ್ನುತ್ತಾರೆ. ಅದು ಪ್ರಶ್ನೆಯಲ್ಲ. ಅವರು ಎಂದೂ ಕೇಳುವುದಿಲ್ಲ, ಹೇಳುತ್ತಾರೆ.

ಆ ರೂಢಿ ಹುಟ್ಟಿದ್ದು ಒಂದು ಅವಮಾನದಿಂದ. ಇಂಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಹೈದರಾಬಾದಿಗೆ ಬಂದವರು ಅವರು. ಗಂಡ ಯಶವಂತ ಬಾಲಾನಗರದ ಕಡೆ ಕಾರ್ಖಾನೆಯೊಂದರಲ್ಲಿ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ. ನಿವೃತ್ತನಾದ ಮೇಲೆ ಈ ಗಿರಣಿ ಹಾಕಿದ, ಹಾಕಿ ಹೆಚ್ಚು ದಿನ ಉಳಿಯಲಿಲ್ಲ. ಮಾರಿಬಿಡು ಎಂದ ನೆಂಟರಿಗೆಲ್ಲ ಚಹಾ ಕೊಟ್ಟು ಕಳಿಸಿ, ಸಾವಿತ್ರಿಬಾಯಿ ತಾವೇ ಬಂದು ಕುರ್ಚಿಯಲ್ಲಿ ಕುಳಿತರು. ಮೊದಮೊದಲು ಕಲ್ಲನ್ನು ಹುಚ್ಚು ಕುದುರೆಯಂತೆ ಓಡಿಸಿದರು. ಒಂದು ದಿನ ಮುದುಕಿಯೊಬ್ಬಳು ತನ್ನ ಡಬ್ಬಿಯಿಂದ ಹಿಡಿ ಹಿಟ್ಟು ತೆಗೆದು, ಅವರ ಕೈ ಹಿಡಿದೆಳೆದು ಅಂಗೈ ತುಂಬಿದಳು. "ಇದು ಹಿಟ್ಟೇನ? ಒಲಿ ಬೂದಿ!" ಅಂದಿನಿಂದ ಕೈ ತೋಳಿನ ಕೆಳಗೆ ಹೋಯಿತು. ಮೋಟಾರು, ಪಟ್ಟಾ, ಕಲ್ಲು ಎಲ್ಲವನ್ನೂ ಅವರು ಕಲಿತದ್ದು ಅಂಗೈಯ ಮೂಲಕ. ಓಣಿ ಅವರನ್ನು ಗುರುತಿಸುತ್ತಿದ್ದುದೂ ಅದರಿಂದಲೇ. ಕುದಿವ ಚಹಾದ ಸ್ಟೀಲ್ ಲೋಟವನ್ನು ಬಟ್ಟೆಯಿಲ್ಲದೆ ಹಿಡಿಯುವ ಬಾಯಿ, ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ಮಗುಚುವ ಬಾಯಿ.

ಬೂದು ಪೆಟ್ಟಿಗೆ ತಂದವಳು ಮಗಳು ಶಾಂಭವಿ. ಜೀಡಿಮೆಟ್ಲಾದ ಸಣ್ಣ ಕಂಪನಿಯೊಂದರಲ್ಲಿ ಅವಳು ಇಂಜಿನಿಯರ್. ಔಷಧ ಕಾರ್ಖಾನೆಗಳ ಯಂತ್ರಗಳಲ್ಲಿ ಭಾರ ಏರಿಳಿದರೂ ಮೋಟಾರಿನ ವೇಗ ಹದದಲ್ಲಿರುವಂತೆ ಮಾಡುವ ಪೆಟ್ಟಿಗೆಗಳನ್ನು ಆ ಕಂಪನಿಯವರು ತಯಾರಿಸುತ್ತಾರೆ. ಚಕ್ರ ತಿರುಗಿಸಿ ತಿರುಗಿಸಿ ಅವ್ವನ ಹೆಗಲು ಸೋತದ್ದನ್ನು ನೋಡಿ, ಅಂಥದೇ ಒಂದನ್ನು ಗಿರಣಿಗೆ ಹೊಂದಿಸಲು ಕುಳಿತಳು.

"ಇದಕ್ಕ ಲೆಕ್ಕ ಹೇಳಿಕೊಡಬೇಕೇನು?" ಸಾವಿತ್ರಿಬಾಯಿ ಕೇಳಿದ್ದರು.

"ಲೆಕ್ಕ ಬ್ಯಾಡವ್ವಾ. ಕಲ್ಲಿನ ದನಿ ಕುಗ್ಗಿದ್ರ ನೀ ಏನ್ ಮಾಡ್ತಿ, ಅಷ್ಟು ಹೇಳು."

"ಸ್ವಲ್ಪ ಕುಗ್ಗಿದ್ರ ಸ್ವಲ್ಪ ಕಾಳು ತಡೀತೀನಿ. ಭಾಳ ಕುಗ್ಗಿದ್ರ ನಿಮ್ಮಪ್ಪನ್ನ ಬೈಕೋತ ಓಡ್ತೀನಿ."

"ಅಪ್ಪನ್ನ ಬೈಯೋದು ಬಿಟ್ಟು ಉಳಿದದ್ದು ಇದಕ್ಕೂ ಹೇಳೀನಿ. ಸ್ವಲ್ಪ ಕುಗ್ಗಿದ್ರ ಸ್ವಲ್ಪ ಜೋರು ಕೊಡು. ಭಾಳ ಕುಗ್ಗಿದ್ರ ಭಾಳ ಕೊಡು. ತಾನಾಗೇ ಏಳಾಕತ್ತಿದ್ರ ಕೈ ಹಿಂದ ತಗೋ."

"ಸ್ವಲ್ಪ ಅಂದ್ರ ಎಷ್ಟು ಅಂತ ಈ ಡಬ್ಬಿಗೆ ಏನ್ ತಿಳೀತೈತಿ?"

"ನಿನ್ನ ನೋಡಿ ಕಲೀತೈತಿ. ವೇಗ ಏರಿಳಿಸೂ ಈ ಗುಂಡಿ ನಿನ್ನ ಕೈಯಾಗಿರ್ತೈತಿ. ನೀ ಏರಿಸಿದ್ರ, ಓಹೋ, ಇಷ್ಟು ಸಾಲಲಿಲ್ಲ ಅಂದ್ಕೋತೈತಿ. ಇಳಿಸಿದ್ರ, ನಂದು ಹೆಚ್ಚಾತು ಅಂದ್ಕೋತೈತಿ. ಮುಂದಿನ ಸಲಕ್ಕ ತನ್ನ ಸ್ವಲ್ಪಾನ ಹಂಗೇ ತಿದ್ಕೋತೈತಿ."

"ಹೊಸಾ ಸೊಸಿ ಇದ್ದಂಗ ಅನ್ನು."

"ಸೊಸಿಗಿಂತ ಛಲೋ. ತಿರುಗಿ ಮಾತಾಡೂದಿಲ್ಲ."

ಕಂಪನಿಯಲ್ಲಿ ಇದಕ್ಕೆ ಫಜ್ಜಿ ನಿಯಂತ್ರಣ ಎನ್ನುತ್ತಾರೆ. ಇಲ್ಲಿಗೆ ಸರಿ, ಇಲ್ಲಿಂದಾಚೆ ತಪ್ಪು ಎಂದು ಗೆರೆ ಎಳೆಯುವ ಲೆಕ್ಕವಲ್ಲ ಅದು. ಒಂದು ವೇಗ ಏಕಕಾಲಕ್ಕೆ ಒಂದಿಷ್ಟು 'ಸರಿ'ಯೂ ಒಂದಿಷ್ಟು 'ನಿಧಾನ'ವೂ ಆಗಿರಬಹುದು. ಮನುಷ್ಯರ ಮಾತಿನಲ್ಲಿ ಇರುವ ಹಾಗೆ. ಅದರ ಜೊತೆಗೆ ಕಲಿಯುವ ಗುಣವೂ ಸೇರಿದರೆ, ಯಂತ್ರ ತನ್ನನ್ನು ನಡೆಸುವವರ ಕೈಗೆ ದಿನೇದಿನೇ ಹೊಂದಿಕೊಳ್ಳುತ್ತ ಹೋಗುತ್ತದೆ. ಶಾಂಭವಿಗೆ ಆ ಕೆಲಸದಲ್ಲಿ ಇಷ್ಟವಾದದ್ದು ಈ ಹೊಂದಿಕೆಯೇ.

ಹಿಟ್ಟಿನ ಬಿಸಿ ಅಳೆಯಲು ಅವಳು ಪುಟ್ಟ ತಾಪಮಾಪಕವೊಂದನ್ನೂ ತಂದಿದ್ದಳು. ಅದನ್ನು ಕಂಡು ಸಾವಿತ್ರಿಬಾಯಿ ಹುಬ್ಬೇರಿಸಿದರು.

"ಹಿಟ್ಟಿಗೇನು ಜ್ವರ ಬಂದೈತೇನ? ನನ್ನ ಕೈ ಐತಲ್ಲ."

ಶಾಂಭವಿ ನಕ್ಕು ಅದನ್ನು ಚೀಲಕ್ಕೆ ಹಾಕಿಕೊಂಡಳು. ಅವಳಿಗೂ ಅದು ಸರಿಯೆನಿಸಿತ್ತು. ಆ ಕೈಗಿಂತ ನಂಬಿಕಸ್ಥ ಸಾಧನ ಅವಳ ಬಾಲ್ಯದಲ್ಲಿ ಇನ್ನೊಂದಿರಲಿಲ್ಲ. ಅವಳ ಜ್ವರವನ್ನೂ ಅದೇ ಕೈ ನೋಡಿತ್ತು.

ಪೆಟ್ಟಿಗೆ ಒಳ್ಳೆಯ ವಿದ್ಯಾರ್ಥಿಯಾಯಿತು. ಕರೆಂಟು ಕುಂಟಿದರೂ, ಹಸಿ ಕಾಳು ಬಂದರೂ ಕಲ್ಲು ಮುಗ್ಗರಿಸಲಿಲ್ಲ. ಸಾಲು ಬೇಗ ಬೇಗ ಕರಗತೊಡಗಿತು. "ಮಗಳು ಮಾಡ್ಯಾಳ" ಎಂದು ಸಾವಿತ್ರಿಬಾಯಿ ಬಂದವರಿಗೆಲ್ಲ ಪೆಟ್ಟಿಗೆ ತೋರಿಸಿದರು, ತೆಲುಗಿನವರಿಗೆ ತೆಲುಗಿನಲ್ಲಿ, ಮುಸ್ಲಿಂ ಮನೆಗಳ ಖಾಲಾಗಳಿಗೆ ಹಿಂದಿಯಲ್ಲಿ. ಆಗಾಗ ಕೈಯನ್ನು ಗಾಳಿಯಲ್ಲಿ ಝಾಡಿಸುತ್ತಿದ್ದರು. ಯಾಕೆಂದು ಕೇಳಿದರೆ "ಜೋಮು ಹಿಡದೈತಿ" ಎನ್ನುತ್ತಿದ್ದರು. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರಿಗೆ ಜೋಮು ಒಂದು ಸುದ್ದಿಯೇ?

ಮೊದಲು ಬಾಯಿಬಿಟ್ಟವಳು ವನಜಾ. ಬಾಗಲಕೋಟೆಯವಳು, ಗಂಡ ರಕ್ಷಣಾ ಇಲಾಖೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ. ಮದುವೆಯಾಗಿ ಬಂದ ವರ್ಷದಿಂದ ಇದೇ ಗಿರಣಿ ಅವಳದು.

"ಬಾಯಾರ, ಸಿಟ್ಟಾಗಬ್ಯಾಡ್ರಿ. ಇತ್ತೀಚಿಗೆ ರೊಟ್ಟಿ ತಟ್ಟಿದ್ರ ಅಂಚೆಲ್ಲ ಸೀಳಾಕತ್ತೈತಿ."

"ನೀರು ಕುದಿಸಿ ಹಾಕಿದ್ದೇನು?"

"ಹಾಕೀನ್ರಿ."

"ಹಂಗಾದ್ರ ಫೋನ್ ನೋಡ್ಕೋತ ತಟ್ಟಿರಬೇಕು."

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ವನಜಾಳೂ ನಕ್ಕಳು. "ನಗ್ರಿ, ನಗ್ರಿ. ನಮ್ಮ ಮನಿಯವರು ನಿನ್ನೆ ರೊಟ್ಟಿ ಎತ್ತಿ ಹಿಡಿದು, ಇದರಾಗ ತೆಲಂಗಾಣ ಎಲ್ಲೈತಿ, ಕರ್ನಾಟಕ ಎಲ್ಲೈತಿ ಅಂತ ಕೇಳಿದ್ರು." ಆಮೇಲೆ ದನಿ ತಗ್ಗಿಸಿ, "ಹಿಟ್ಟು ಸುಟ್ಟೈತೇನೋ ಅನಸ್ತೈತ್ರಿ" ಎಂದಳು.

ನಗು ನಿಂತಿತು. ಸಾವಿತ್ರಿಬಾಯಿ ಎದ್ದು ತೋಳಿನ ಕೆಳಗೆ ಕೈ ಒಡ್ಡಿ, ಚಿಟಿಕೆಯಲ್ಲ, ಒಂದು ಹಿಡಿ ತಂದು ವನಜಾಳ ಅಂಗೈಗೆ ಸುರಿದರು. "ನೋಡು. ತಣ್ಣಗೈತಿ."

ವನಜಾಳ ಬೆರಳು ಸೆಟೆದವು. ಅವಳು ಹಿಟ್ಟನ್ನು ಚೆಲ್ಲಲಿಲ್ಲ. ಸಾವಿತ್ರಿಬಾಯಿಯ ಮುಖವನ್ನೊಮ್ಮೆ ನೋಡಿ "ಹೌದ್ರಿ ಬಾಯಾರ" ಎಂದು ಡಬ್ಬಿ ಎತ್ತಿಕೊಂಡು ಹೋದಳು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಜೀಡಿಮೆಟ್ಲಾದಿಂದ ಮರಳುತ್ತಿದ್ದ ಶಾಂಭವಿಗೆ ಬಸ್ಸಿನ ಕಿಟಕಿಯಿಂದ ಅವಳು ಕಂಡಳು. ಮೆಟ್ರೋ ಕಂಬಗಳ ನೆರಳಿನಲ್ಲಿ, ಸೊಂಟದ ಮೇಲೆ ಡಬ್ಬಿ, ಹಿಮಾಯತ್‌ನಗರದ ಗಿರಣಿಯ ಕಡೆಗೆ.

ಮನೆಯಲ್ಲೂ ರೊಟ್ಟಿ ಸೀಳುತ್ತಿತ್ತು. "ಜೋಳ ಮಾಲದಂಡಿ ತಳಿ ಅಲ್ಲ, ಅಂಗಡಿಯಾಂವ ಮೋಸ ಮಾಡ್ಯಾನ" ಎಂದು ಸಾವಿತ್ರಿಬಾಯಿ ಅಂಗಡಿಯವನಿಗೆ ಶಾಪ ಹಾಕುತ್ತಿದ್ದರು. ಶಾಂಭವಿಗೆ ತನ್ನ ಪೆಟ್ಟಿಗೆಯ ಮೇಲೆ ಅನುಮಾನ. ರಜೆಯ ದಿನ ಗಿರಣಿಗೆ ಬಂದು ಲ್ಯಾಪ್‌ಟಾಪ್ ತೆರೆದು ಕುಳಿತಳು. ಎಲ್ಲ ನಿಯಮಗಳೂ ಇದ್ದಂತೆಯೇ ಇದ್ದವು. ಆದರೆ ಪೆಟ್ಟಿಗೆ 'ಸರಿ' ಎಂದುಕೊಂಡಿದ್ದ ವೇಗ, ಅವಳು ಮೊದಲು ಇಟ್ಟ ಜಾಗದಿಂದ ಬಹಳ ಮೇಲಕ್ಕೆ ಸರಿದಿತ್ತು. ತಪ್ಪು ಲೆಕ್ಕವಿರಬೇಕೆಂದು ಎದ್ದುಹೋಗಿ ತೋಳಿನ ಕೆಳಗೆ ಕೈ ಒಡ್ಡಿದಳು. ಚುರುಕ್ಕೆಂದಿತು. ಕೈ ತಾನೇ ಹಿಂದೆ ಬಂತು.

ಪಕ್ಕದಲ್ಲಿ ಸಾವಿತ್ರಿಬಾಯಿಯ ಕೈ ಅದೇ ಹಿಟ್ಟಿನ ಧಾರೆಯ ಕೆಳಗೆ, ತೊರೆಯ ನೀರಿನಲ್ಲಿ ಅದ್ದಿದಂತೆ ನಿಶ್ಚಿಂತವಾಗಿತ್ತು.

"ತಣ್ಣಗೈತಲ್ಲ," ಎಂದರು ಅವರು, "ಇನ್ನೊಂದ್ ಸ್ವಲ್ಪ ಓಡಿಸಬಹುದು." ಎಡಗೈಯಿಂದ ಗುಂಡಿಯನ್ನು ಮೇಲಕ್ಕೆ ತಿರುವಿದರು. ಕಲ್ಲಿನ ದನಿ ಏರಿತು.

ಸ್ಟೀಲ್ ಲೋಟ, ಹಂಚಿನ ರೊಟ್ಟಿ, ಜೋಮು, ಗುಳಿಗೆ. ಓಣಿಯೆಲ್ಲ ಗಟ್ಟಿತನವೆಂದು ಮೆಚ್ಚಿದ್ದು ಏನೆಂದು ಶಾಂಭವಿಗೆ ಆಗ ತಿಳಿಯಿತು. ಅವ್ವನ ಬೆರಳುಗಳಿಂದ ಬಿಸಿ ಹೊರಟುಹೋಗಿತ್ತು, ಹೇಳದೆ ಕೇಳದೆ, ಸ್ವಲ್ಪ ಸ್ವಲ್ಪವಾಗಿ. ಬಿಸಿ ತಿಳಿಯದ ಕೈಗೆ ಹಿಟ್ಟು ಯಾವಾಗಲೂ ತಣ್ಣಗೇ. ತಣ್ಣಗಿದ್ದರೆ ಓಡಿಸು ಎಂಬುದು ಗಿರಣಿಯ ಧರ್ಮ. ಆ ಕೈ ಓಡಿಸಿತ್ತು. ಪೆಟ್ಟಿಗೆ ಎದುರು ಮಾತಾಡದೆ ಕಲಿತಿತ್ತು. ಅವ್ವನನ್ನು ಇಷ್ಟು ಶ್ರದ್ಧೆಯಿಂದ ನಂಬುವ ಯಂತ್ರವನ್ನು ಮಾಡಿದ್ದು ತಾನೇ.

ಹೇಳಬೇಕಿತ್ತು. ಹೇಳಿದರೆ ಆ ಕುರ್ಚಿಯಲ್ಲಿ ಕುಳಿತುಕೊಳ್ಳಲು ಅವ್ವನಿಗೆ ಏನು ಉಳಿಯುತ್ತದೆ? ಶಾಂಭವಿ ಚೀಲದಿಂದ ಆ ತಾಪಮಾಪಕವನ್ನು ತೆಗೆದು, ತೋಳನ್ನು ಕಟ್ಟಿದ ಮರದ ಚೌಕಟ್ಟಿನೊಳಗೆ ಕಾಣದಂತೆ ಕೂರಿಸಿದಳು. ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಗುಂಡಿಯ ತಂತಿ ಕಳಚಿ, ತಾಪಮಾಪಕದ ತಂತಿ ಸೇರಿಸಿದಳು.

"ಏನ್ ಮಾಡಾಕತ್ತಿ?"

"ಧೂಳ ಒರಸಾಕತ್ತೀನಿ, ಅವ್ವಾ."

ಹಿಟ್ಟು ಮೊದಲಿನಂತಾಯಿತು. ಮನೆಯಲ್ಲಿ ರೊಟ್ಟಿ ಹುಣ್ಣಿಮೆ ಚಂದ್ರನಂತೆ ಅಗಲವಾಗಿ ಎದ್ದಿತು. "ಇದು ನೋಡ್ರಿ ಹಿಟ್ಟು!" ಎಂದು ಹೆಂಗಸರು ಹೊಗಳಿದರು. "ಗುಂಡಿ ಹದ ಈಗ ನನಗ ಸಿಕ್ಕೈತಿ" ಎಂದು ಸಾವಿತ್ರಿಬಾಯಿ ಮಗಳಿಗೆ ಹೇಳಿದರು. ಶಾಂಭವಿ ತಟ್ಟೆಯಿಂದ ತಲೆ ಎತ್ತಲಿಲ್ಲ.

ಆದರೆ ಅವರ ಕಿವಿಗೆ ಏನೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಗುಂಡಿಯನ್ನು ಮೇಲಕ್ಕೆ ತಿರುವಿ ಕಲ್ಲಿನ ದನಿಗಾಗಿ ಕಾದರು. ದನಿ ಏರಲಿಲ್ಲ. ಕೊನೆಯವರೆಗೆ ತಿರುವಿದರು. ಪೂರ್ತಿ ಕೆಳಗಿಳಿಸಿದರು. ಕಲ್ಲು ಅದೇ ಶ್ರುತಿಯಲ್ಲಿ, ಅವರು ಅಲ್ಲಿ ಇಲ್ಲವೇ ಇಲ್ಲವೆಂಬಂತೆ, ಹಾಡಿಕೊಂಡಿತ್ತು. ಆ ದಿನ ಅವರು ಯಾರ ಅಂಗೈಗೂ ಚಿಟಿಕೆ ಹಿಟ್ಟು ಹಾಕಲಿಲ್ಲ.

ಸಂಜೆ ಶಾಂಭವಿ ಬಂದು ಚೀಲ ಇಳಿಸುವ ಮೊದಲೇ, "ಗುಂಡಿ ಸತ್ತೈತಿ" ಎಂದರು.

ಶಾಂಭವಿಯ ಕಣ್ಣು ಪೆಟ್ಟಿಗೆಯ ಮುಚ್ಚಳದ ಕಡೆ ಹೋಯಿತು.

"ಕೈಗೆ ಆಟದ ಸಾಮಾನು ಕೊಟ್ಟಿ. ಕೂಸಿಗೆ ಕೊಟ್ಟಂಗ."

"ಅವ್ವಾ, ಹಿಟ್ಟು ಸುಡಾಕತ್ತಿತ್ತು."

"ನನ್ನ ಕೈ ಸುಳ್ಳು ಹೇಳ್ತೈತೇನು?"

"ಹೇಳ್ತೈತಿ," ಎಂದಳು ಶಾಂಭವಿ, ಅಳು ಬರುತ್ತಿತ್ತು. "ನಿನಗೂ ಹೇಳೈತಿ, ನನ್ನ ಪೆಟ್ಟಿಗಿಗೂ ಹೇಳೈತಿ. ನಾವಿಬ್ಬರೂ ನಂಬೀವಿ."

ಸಾವಿತ್ರಿಬಾಯಿ ಮನೆಯ ಜೋಳದ ಡಬ್ಬಿ ಎತ್ತಿ ತಗಡಿನ ಬಾಯಿಗೆ ಸುರಿದರು. "ಗುಂಡಿ ತಂತಿ ಕೂಡಿಸು. ನನಗ ತೋರಸು."

ಶಾಂಭವಿ ಕೂಡಿಸಿದಳು. ಸಾವಿತ್ರಿಬಾಯಿ ತಮ್ಮ ಕೈಗೆ ಸರಿ ಕಾಣುವವರೆಗೆ ಗುಂಡಿ ತಿರುವಿದರು. ದನಿ ಏರುತ್ತ ಹೋಗಿ, ಮೊಂಡಾಗಿ ಒಂದೆಡೆ ನಿಂತಿತು. ಇಬ್ಬರೂ ತೋಳಿನ ಕೆಳಗೆ ಒಂದೊಂದು ಕೈ ಒಡ್ಡಿದರು. ಈ ಸಲ ಶಾಂಭವಿ ಹಟ ಹಿಡಿದು ಕೈ ತೆಗೆಯಲಿಲ್ಲ. ತೆಗೆಯದಿದ್ದುದನ್ನು ನೋಡಿ ಸಾವಿತ್ರಿಬಾಯಿಯೇ ಅವಳ ಮಣಿಕಟ್ಟು ಹಿಡಿದು ಎಳೆದರು. ಹಿಟ್ಟು ಒರೆಸಿದಾಗ ಮಗಳ ಅಂಗೈ ಕೆಂಪಗಿತ್ತು. ತಮ್ಮ ಅಂಗೈ ನೋಡಿಕೊಂಡರು. ಅದೂ ಕೆಂಪಗಿತ್ತು.

"ಭಾಳ ಸುಡ್ತೈತೇನು?"

"ಭಾಳ, ಅವ್ವಾ."

ಅವರು ಮೋಟಾರು ಆರಿಸಿದರು. ಕಲ್ಲು ಉಸಿರು ಬಿಡುತ್ತ ನಿಂತಿತು. ಓಣಿಯಲ್ಲಿ ಕೋಚಿಂಗ್ ಬಿಟ್ಟ ಹುಡುಗಿಯರ ಗಲಾಟೆ ಒಮ್ಮೆಲೇ ಒಳಗೆ ಬಂತು. "ವನಜಾ ಸುಳ್ಳು ಹೇಳಿದ್ಲು" ಎಂದರು ಸಾವಿತ್ರಿಬಾಯಿ. "ಬೂದಿ ಹಾಕೀನಿ ಆಕಿ ಕೈಯಾಗ. ಹೌದ್ರಿ ಬಾಯಾರ ಅಂದ್ಲು."

"ನಿನ್ನ ಮ್ಯಾಲಿನ ಮರ್ಯಾದಿಗೆ ಅಂದಿರಬೇಕು."

"ಆ ಮುದುಕಿ ಮರ್ಯಾದಿ ಮಾಡಿದ್ರ ನಾ ಇವತ್ತಿಗೂ ಬೂದಿ ಬೀಸ್ತಿದ್ದೆ."

ಶಾಂಭವಿ ಪಕ್ಕದ ಗೋಧಿ ಚೀಲದ ಮೇಲೆ ಕುಳಿತಳು. "ಇನ್ನ ತಾಪಮಾಪಕ ನೋಡ್ಕೋತೈತಿ, ಅವ್ವಾ. ನೀ ಆರಾಮ ಕುಂದರು."

"ಗೋಡಿ ಮ್ಯಾಲ ಹಾರ ಹಾಕ್ಕೊಂಡು ಒಬ್ಬಾಂವ ಆರಾಮ ಅದಾನ. ಒಬ್ಬಾಂವ ಸಾಕು." ಯಶವಂತನ ಪಟದ ಗಾಜಿನ ಮೇಲೆ ಹಿಟ್ಟು ಕುಳಿತಿತ್ತು. "ಗುಂಡಿ ಜೀವಂತ ಇರಲಿ."

"ಇದ್ರ ಮತ್ತ ಹಂಗೇ ಕಲೀತೈತಿ. ನಿನ್ನ ಕೈ ನೋಡಿ."

"ನನ್ನ ಕೈ ಅಷ್ಟೇ ನೋಡಿದ್ರ ಹಂಗೇ ಕಲೀತೈತಿ," ಎಂದು ಸಾವಿತ್ರಿಬಾಯಿ ನಿಧಾನವಾಗಿ ಹೇಳಿದರು. ಅವರ ಕಣ್ಣು ಹೊರಗಿತ್ತು. ಮೆಟ್ಟಿಲ ಕೆಳಗೆ ಡಬ್ಬಿ ಹೊತ್ತು ವನಜಾ ನಿಂತಿದ್ದಳು. ಹಿಟ್ಟು ಸುಧಾರಿಸಿದೆಯೆಂದು ಯಾರೋ ಹೇಳಿರಬೇಕು. ಬಿಟ್ಟುಹೋದ ಬಾಗಿಲಿಗೆ ಹೇಗೆ ಬರುವುದೆಂದು ಸೆರಗು ತಿರುವುತ್ತ ನಿಂತಿದ್ದಳು.

ಶಾಂಭವಿ ಅದನ್ನು ಗಮನಿಸಲಿಲ್ಲ. ಬೆರಳು ಮಡಚುತ್ತ ಹೇಳುತ್ತಲೇ ಇದ್ದಳು. "ನಾಳೆ ದವಾಖಾನಿಗೆ ಹೋಗೂಣು, ನರಕ್ಕ ಔಷಧ ಇರ್ತಾವ. ಅಲ್ಲೀಮಟ ಗುಂಡಿಗೆ ಒಂದು ಮಿತಿ ಹಾಕ್ತೀನಿ. ಅದರಕಿಂತ ಮ್ಯಾಲ ನೀ ತಿರುವಿದ್ರೂ ಹೋಗಬಾರ್ದು. ಆಮ್ಯಾಲ ಬಿಸಿ ಎಷ್ಟು ಅಂತ ತೋರಸಾಕ ಒಂದು ಕೆಂಪು ದೀಪ..."

ಸಾವಿತ್ರಿಬಾಯಿ ಎದ್ದರು. ಗುಂಡಿಯನ್ನು ಅರ್ಧಕ್ಕೆ ಇಳಿಸಿ ಮೋಟಾರು ಹಾಕಿದರು. ಕಲ್ಲು ದಪ್ಪ ದನಿಯಲ್ಲಿ ಎದ್ದು, ತಡವರಿಸಿ, ತನ್ನ ಶ್ರುತಿ ಹುಡುಕಿಕೊಂಡಿತು. ತೋಳಿನ ಕೆಳಗೆ ಕೈ ಒಡ್ಡಿ ಒಂದು ಚಿಟಿಕೆ ಹಿಡಿದುಕೊಂಡರು.

"ಅವ್ವಾ, ಕೇಳಾಕತ್ತೀಯಿಲ್ಲೋ? ಆ ದೀಪ ಹತ್ತಿದ ಕೂಡಲೇ ನೀ..."

ಅವರು ಆಗಲೇ ಹೊಸ್ತಿಲು ದಾಟಿದ್ದರು. ಚಿಟಿಕೆಯಿಂದ ಬಿಳಿ ಎಳೆಯೊಂದು ಮೆಟ್ಟಿಲ ಮೇಲೆ ಉದುರುತ್ತ ಹೋಯಿತು.

"ಏ ವನಜಾ, ಕೈ ಕೊಡ ಇಲ್ಲೆ. ಈ ಸಲ ಖರೇ ಹೇಳಬೇಕು ನೋಡು. ಬಿಸಿ ಐತೇನು?"